ಒಂದು ಸೋಲಿನ ಬಗ್ಗೆ ಹೇಳಿ

ಅವರಿಬ್ಬರೂ ಮೊದಲ ಸಲ ಎದುರುಬದುರು ಕೂತಾಗ ಒಬ್ಬರನ್ನೊಬ್ಬರು ಇಂಟರ್‌ವ್ಯೂ ಮಾಡಿಕೊಂಡರು. ಇಬ್ಬರೂ ಬಂದಿದ್ದದ್ದು ಮಾತ್ರ ಕೆಲಸ ಕೇಳಿಕೊಂಡು.

ರಿಸೆಪ್ಷನ್ನಿನ ಹುಡುಗಿ ಅವಳನ್ನು ಒಂದು ಸಣ್ಣ ಮೀಟಿಂಗ್ ರೂಮಿನಲ್ಲಿ ಕೂರಿಸಿ ಹೋಗಿದ್ದಳು. ಉದ್ದನೆಯ ಮೇಜು, ಗೋಡೆಗೆ ಬಿಳಿ ಬೋರ್ಡು, ಅದರ ಮೇಲೆ ಯಾರೋ ಅರ್ಧ ಒರೆಸಿಬಿಟ್ಟ ಬಾಣದ ಗೆರೆಗಳು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಒಬ್ಬರು ಒಳಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕಿವಿಯ ಹತ್ತಿರ ನರೆ, ಕೈಯಲ್ಲಿ ಫೈಲು. ಸಾಫ್ಟ್‌ವೇರ್ ಕಂಪನಿಯಲ್ಲಿ ಆ ವಯಸ್ಸಿನವರು ಪ್ರಶ್ನೆ ಕೇಳುವ ಕಡೆ ಕೂರುತ್ತಾರೆಯೇ ಹೊರತು ಉತ್ತರ ಹೇಳುವ ಕಡೆಯಲ್ಲ. ಅವಳು ಎದ್ದು ನಿಂತಳು. ಅವಳ ವಯಸ್ಸು ನೋಡಿ ಅವರಿಗೂ ಅದೇ ಅನ್ನಿಸಿತಂತೆ.

"ಶುರು ಮಾಡೋಣವಾ?" ಅಂದರು ಅವರು, ತಾವು ತಯಾರು ಎಂಬ ಅರ್ಥದಲ್ಲಿ.

ಅವಳು ಶುರು ಮಾಡಿದಳು. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆದ ತನ್ನ ವರ್ಷಗಳನ್ನೆಲ್ಲ ಹೇಳಿದಳು. ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡದ್ದು, ಕೊಂಡವರು ಸಾಫ್ಟ್‌ವೇರನ್ನು ಉಳಿಸಿಕೊಂಡು ಬರೆದವರನ್ನು ಮನೆಗೆ ಕಳಿಸಿದ್ದು, ಅದನ್ನೂ ನಗುಮುಖದಲ್ಲೇ ಹೇಳಿದಳು. ಇಂಟರ್‌ವ್ಯೂ ಮಾಡುವವರು ಇಷ್ಟು ಮರ್ಯಾದೆಯಿಂದ ತಮ್ಮ ಪರಿಚಯ ಹೇಳಿಕೊಳ್ಳುತ್ತಾರಲ್ಲ ಎಂದು ಅವರಿಗೆ ಖುಷಿಯಾಯಿತು. ತಾವೂ ಹೇಳಿಕೊಂಡರು. ಗೋದಾಮುಗಳ ಸರಕು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ನೋಡಿಕೊಳ್ಳುವ ಸಾಫ್ಟ್‌ವೇರ್ ಅವರದು. ಟೀಮಿನ ಹುಡುಗರು ತಮ್ಮನ್ನು 'ಮೇಷ್ಟ್ರು' ಅಂತ ಕರೆಯುತ್ತಿದ್ದರು ಅಂದರು. ಎಂಥ ನಿಗರ್ವಿ ಮನುಷ್ಯ, ಇಂಥವರ ಕೈಕೆಳಗೆ ಕೆಲಸ ಮಾಡಬೇಕು ಅಂದುಕೊಂಡಳು ಅವಳು. ಇಂಟರ್‌ವ್ಯೂನಲ್ಲಿ ನಾವೂ ಪ್ರಶ್ನೆ ಕೇಳಬೇಕು ಅಂತ ಎಲ್ಲೋ ಓದಿದ್ದಳು, ಕೇಳಿದಳು. ಅವರೂ ಅದನ್ನೇ ಓದಿದ್ದರು, ಕೇಳಿದರು. ಮಾತು ಚೆನ್ನಾಗಿ ಕುದುರಿತು.

ಆಮೇಲೆ ಕೊರಳಿಗೆ ಹೆಡ್‌ಫೋನ್ ನೇತುಹಾಕಿಕೊಂಡ ಹುಡುಗನೊಬ್ಬ ಬಾಗಿಲಲ್ಲಿ ತಲೆ ತೂರಿಸಿ, ಸಾರಿ, ಇಬ್ಬರು ಕ್ಯಾಂಡಿಡೇಟ್‌ಗಳನ್ನೂ ಒಂದೇ ರೂಮಿಗೆ ಕಳಿಸಿಬಿಟ್ಟಿದ್ದಾರೆ, ಇಂಟರ್‌ವ್ಯೂ ಮಾಡೋನು ನಾನು ಅಂದ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ನಿಧಾನವಾಗಿ ಫೈಲು ಮುಚ್ಚಿದರು.

"ನನ್ನನ್ನ ಕೇಳೋದಾದ್ರೆ ಮೇಡಂ," ಅಂದರು, "ನೀವು ಸೆಲೆಕ್ಟ್."

ಕೆಲಸ ಹೋದಮೇಲೆ ಅವಳು ಒಂದು ಆಫೀಸಿನೊಳಗೆ ಕೂತು ನಕ್ಕದ್ದು ಅದೇ ಮೊದಲು.

ಆ ಕಂಪನಿ ಇಬ್ಬರನ್ನೂ ತೆಗೆದುಕೊಳ್ಳಲಿಲ್ಲ. ಲಿಫ್ಟಿನಲ್ಲಿ ಇಳಿಯುವಾಗ ಮೇಷ್ಟ್ರು ಒಂದು ಮಾತು ಹೇಳಿದರು. ಮನೆಯಲ್ಲಿ ಕನ್ನಡಿ ಮುಂದೆ ಕೂತು ಉತ್ತರ ಹೇಳಿಕೊಳ್ಳುತ್ತಾ ಬೇಜಾರಾಗಿದೆ, ನಾವು ಹೇಗೂ ಈ ಕೆಲಸ ಚೆನ್ನಾಗಿ ಮಾಡಿದೆವಲ್ಲ, ವಾರಕ್ಕೆ ಎರಡು ಸಲ ಕೂತು ಅಭ್ಯಾಸ ಮಾಡಬಾರದೇಕೆ ಅಂತ.

ಹಾಗೆ ಶುರುವಾಯಿತು. ಸಾರ್ವಜನಿಕ ಗ್ರಂಥಾಲಯದ ಮೂರನೇ ಮಹಡಿಯಲ್ಲಿ ಓದುವವರಿಗೆಂದು ಗಾಜಿನ ಗೋಡೆಯ ಸಣ್ಣ ಸಣ್ಣ ಕೋಣೆಗಳಿದ್ದವು. ಮೊದಲೇ ಹೇಳಿಟ್ಟರೆ ಒಂದು ಗಂಟೆಗೆ ಒಂದು ಕೋಣೆ ಸಿಗುತ್ತಿತ್ತು. ಒಳಗೆ ಒಂದು ಮೇಜು, ಎರಡು ಕುರ್ಚಿ. ಒಂದು ದಿನ ಅವರು ಪ್ಯಾನೆಲ್, ಇವಳು ಕ್ಯಾಂಡಿಡೇಟ್. ಇನ್ನೊಂದು ದಿನ ಅದಲುಬದಲು. ಹೊರಗಿನಿಂದ ನೋಡಿದವರಿಗೆ ಇಬ್ಬರು ದೊಡ್ಡವರು ಗಂಭೀರವಾಗಿ ಏನೋ ವ್ಯವಹಾರ ಮಾತಾಡುವ ಹಾಗೆ ಕಾಣಿಸುತ್ತಿತ್ತು.

ಅವಳು ಅಕ್ಕನ ಮನೆಯಲ್ಲಿದ್ದಳು. ಮದುವೆಯನ್ನು ಮುಂದಿನ ಪ್ರಾಜೆಕ್ಟ್ ಮುಗಿದ ಮೇಲೆ ಅಂತ ಮುಂದೆ ತಳ್ಳುತ್ತಾ ತಳ್ಳುತ್ತಾ, ಒಂದು ದಿನ ಕೇಳುವವರೇ ಕೇಳುವುದನ್ನು ಬಿಟ್ಟಿದ್ದರು. ತಲೆಯಲ್ಲಿ ಬಿಳಿ ಕೂದಲು ಬಂದರೂ ಅಕ್ಕನಿಗೆ ಅವಳು 'ಪುಟ್ಟಿ'. ವಿಡಿಯೋ ಇಂಟರ್‌ವ್ಯೂ ಇದ್ದ ದಿನ ಅಕ್ಕ ಹಿಂದೆ ನಿಂತು, ಪುಟ್ಟಿ ಸ್ವಲ್ಪ ಮುಖಕ್ಕೆ ಬೆಳಕು ಬೀಳೋ ಹಾಗೆ ಕೂರು, ಕಣ್ಣಿನ ಕೆಳಗೆ ಕಪ್ಪು ಕಾಣ್ತಿದೆ ಅನ್ನುವಳು. ಭಾವನದು ಬೇರೆ ಉಪಚಾರ. ಕಣ್ಣಿಗೆ ಬಿದ್ದ ಕೆಲಸದ ಜಾಹೀರಾತನ್ನೆಲ್ಲ ಫೋನಿಗೆ ಕಳಿಸುತ್ತಿದ್ದರು. ಒಂದು ಸಲ ಕ್ರೇನ್ ಓಡಿಸುವವರು ಬೇಕಾಗಿದ್ದಾರೆ ಎಂಬುದನ್ನೂ ಕಳಿಸಿ, ಅನುಭವ ಇದ್ದವರಿಗೆ ಆದ್ಯತೆಯಂತೆ ನೋಡಮ್ಮ ಅಂದಿದ್ದರು.

ಅನುಭವಕ್ಕೆ ಕ್ರೇನಿನಲ್ಲಿ ಬೆಲೆಯಿದೆ, ಸಾಫ್ಟ್‌ವೇರಿನಲ್ಲಿ ಅದು ತಲೆನೋವು. ರೆಸ್ಯೂಮ್ ಕಳಿಸಿದ ಮೇಲೆ ಅದರಲ್ಲಿರುವುದನ್ನೇ ಮತ್ತೆ ಒಂದೊಂದು ಚೌಕದಲ್ಲಿ ತುಂಬು ಅನ್ನುತ್ತಿದ್ದವು ಕಂಪನಿಗಳು. ತುಂಬಿ ಕಳಿಸಿದ ಕೂಡಲೇ, ಯಾರೂ ಓದಿರಲು ಸಾಧ್ಯವೇ ಇಲ್ಲದಷ್ಟು ಬೇಗ, ವಿಷಾದವಿದೆ ಅಂತ ಉತ್ತರ ಬರುತ್ತಿತ್ತು. ಒಬ್ಬ ಏಜೆಂಟ್ ರೆಸ್ಯೂಮಿನಿಂದ ಮೊದಲ ಹತ್ತು ವರ್ಷ ತೆಗೆದುಬಿಡಿ ಅಂದ. ಇನ್ನೊಬ್ಬಳು ಇಷ್ಟೆಲ್ಲ ಗೊತ್ತಿರುವವರಿಗೆ ಈ ಕೆಲಸ ಬೋರ್ ಆಗುತ್ತೆ ಮೇಡಂ ಅಂದಳು. ಬೋರ್ ಆಗುವ ಭಾಗ್ಯವಾದರೂ ಸಿಗಲಿ ತಾಯಿ ಅನ್ನಬೇಕೆನಿಸಿತು ಇವಳಿಗೆ, ಅನ್ನಲಿಲ್ಲ. ಮೂರು ಸುತ್ತು ಮುಗಿಸಿ, ನೀವೇ ಬೇಕು ಅಂದವರು ನಾಲ್ಕನೆಯ ದಿನದಿಂದ ಫೋನೇ ಎತ್ತಲಿಲ್ಲ.

ಇಂಥದ್ದನ್ನೆಲ್ಲ ಹೊತ್ತುಕೊಂಡು ಅವಳು ಗಾಜಿನ ಕೋಣೆಗೆ ಬರುತ್ತಿದ್ದಳು. ಮೇಷ್ಟ್ರು ಹೇಳಿಸಿ ಹೇಳಿಸಿ ಕೇಳುತ್ತಿದ್ದರು. ಕೇಳುವ ಮೊದಲು ಕನ್ನಡಕ ತೆಗೆದು ಮೇಜಿನ ಮೇಲಿಡುವುದು ಅವರ ಅಭ್ಯಾಸ. ಯಾಕೆ ಅಂತ ಒಮ್ಮೆ ಕೇಳಿದ್ದಕ್ಕೆ, "ಕನ್ನಡಕ ತೆಗೆದ್ರೆ ಕಿವಿ ಚುರುಕಾಗುತ್ತೆ," ಅಂದರು.

"ಹಾಗಾದ್ರೆ ನಾನು ಮಸುಕಾಗಿ ಕಾಣ್ತೀನಿ."

"ಇಲ್ಲ ಇಲ್ಲ. ನೀವು ಹತ್ತಿರ ಕೂತಿದ್ದೀರಲ್ಲ."

ಅವಳು ರೆಸ್ಯೂಮಿನ ಹಾಳೆ ತಿರುವಿದಳು, ಆಮೇಲೆ ಅದನ್ನೇ ಮತ್ತೆ ಹಿಂದಕ್ಕೆ ತಿರುವಿದಳು. ಅವರು ಬರಿಗಣ್ಣಿನಲ್ಲಿ ಅದನ್ನು ನೋಡಿ ಮುಗುಳ್ನಕ್ಕರು. ಬರಿಗಣ್ಣಿಗೆ ಅಷ್ಟು ಕಾಣಿಸುತ್ತದೆಂದರೆ ಈ ಮನುಷ್ಯ ಹೇಳಿದ್ದು ಸುಳ್ಳಲ್ಲ ಅಂತ ಅವಳಿಗೆ ಗೊತ್ತಾಯಿತು. ಅವತ್ತು ಮನೆಗೆ ಹೋಗುವಾಗ ಇಳಿಯಬೇಕಾದ ಸ್ಟಾಪು ಬಿಟ್ಟು ಮುಂದಿನದರಲ್ಲಿ ಇಳಿದಳು.

ಮೇಷ್ಟ್ರಿಗೆ ಒಂದು ದೌರ್ಬಲ್ಯವಿತ್ತು. ಪ್ರಶ್ನೆ ಕೇಳುವಾಗ ಅವರಂಥವರಿಲ್ಲ. ಉತ್ತರ ಹೇಳುವ ಸರದಿ ಬಂದರೆ ಅರ್ಧ ದಾರಿಗೆ ನಿಂತುಬಿಡುತ್ತಿದ್ದರು. ಕೆಲಸದ ವಿಷಯವಾದರೆ ಸರಿ, ಹಾಳೆಯ ಮೇಲೆ ಬರೆದು ತೋರಿಸುವರು. ತಮ್ಮ ವಿಷಯ ಬಂದರೆ ಮುಗಿಯಿತು. ಅದರಲ್ಲೂ ಎಲ್ಲ ಕಂಪನಿಗಳೂ ತಪ್ಪದೆ ಕೇಳುವ ಒಂದು ಪ್ರಶ್ನೆ ಇದೆ: ನಿಮ್ಮ ಒಂದು ಸೋಲಿನ ಬಗ್ಗೆ ಹೇಳಿ. ಅದನ್ನು ಕೇಳಿದಾಗಲೆಲ್ಲ ಅವರು ಕಾಫಿ ತರ್ತೀನಿ ಅಂತ ಎದ್ದು ಹೋಗುತ್ತಿದ್ದರು.

ಅವಳ ಉತ್ತರ ಸಿದ್ಧವಿತ್ತು. ಅದು ನಿಜವಾಗಿ ನಡೆದದ್ದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಒಂದು ಆಸ್ಪತ್ರೆಗೆ, ರೋಗಿಗಳ ಫೋನಿಗೆ ತಪಾಸಣೆಯ ದಿನ ನೆನಪಿಸುವ ಮೆಸೇಜ್ ಹೋಗುವಂತೆ ಮಾಡುತ್ತಿದ್ದಳು. ಪರೀಕ್ಷೆ ಮಾಡಿ ನೋಡಲು ಆಸ್ಪತ್ರೆಯ ಹಳೆಯ ರೋಗಿಗಳ ಮಾಹಿತಿ ತೆಗೆದುಕೊಂಡಳು. ಮೆಸೇಜ್ ಹೊರಗೆ ಹೋಗದಂತೆ ತಡೆಯುವುದನ್ನು ಮರೆತಳು. ನಾಳೆ ಬೆಳಿಗ್ಗೆ ನಿಮ್ಮ ತಪಾಸಣೆ ಇದೆ ಎಂಬ ಮೆಸೇಜ್ ಎಲ್ಲರಿಗೂ ಹೋಯಿತು, ತೀರಿಕೊಂಡವರಿಗೂ. ಮರುದಿನ ಜನ ಬೈದರು, ಮ್ಯಾನೇಜರ್ ಕೂಗಾಡಿದರು. ಅದೆಲ್ಲ ಅವಳಿಗೆ ಮರೆತುಹೋಗಿದೆ. ಮರೆಯದೆ ಉಳಿದದ್ದು ಒಬ್ಬ ಮುದುಕರು. ಹೆಂಡತಿಯ ಹೆಸರಿಗೆ ಬಂದ ಮೆಸೇಜ್ ನೋಡಿ ಅವರು ಬಂದು ಕಾಯುವವರ ಬೆಂಚಿನ ಮೇಲೆ ಕೂತಿದ್ದರು. ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದರು. ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ ಅವಳು ಕ್ಷಮೆ ಕೇಳಲು ಕೆಳಗಿಳಿದು ಹೋದಳು.

"ಅವಳು ಹೋಗಿಬಿಟ್ಟಿದ್ದಾಳಮ್ಮ, ನನಗೆ ಗೊತ್ತು," ಅಂದರಂತೆ ಅವರು. "ಆದರೂ ಅವಳ ಹೆಸರು ಹಿಡಿದು ಕರೆದಿದ್ದಾರೆ. ಯಾರೂ ಬರದೆ ಇದ್ದರೆ ಚೆನ್ನಾಗಿರಲ್ಲ ಅನ್ನಿಸ್ತು."

ಮೆಸೇಜಿನಲ್ಲಿದ್ದ ತಪಾಸಣೆಯ ಹೊತ್ತು ಕಳೆಯುವವರೆಗೆ ಅವಳು ಅವರ ಪಕ್ಕದಲ್ಲಿ ಕೂತಿದ್ದಳು. ಅವತ್ತಿನಿಂದ, ಇನ್ನೊಬ್ಬರು ನೋಡಿ ಸರಿ ಅನ್ನುವವರೆಗೆ ತನ್ನ ಟೀಮಿನಿಂದ ಒಂದು ಮೆಸೇಜೂ ಹೊರಗೆ ಹೋಗದ ಹಾಗೆ ನಿಯಮ ಮಾಡಿದಳು. ಇದು ಉತ್ತರದ ಕೊನೆ. ಇಲ್ಲಿ ಪ್ಯಾನೆಲಿನವರು ತಲೆದೂಗುತ್ತಾರೆ.

ಮೊದಲ ಸಲ ಇದನ್ನು ಕೇಳಿದಾಗ ಮೇಷ್ಟ್ರು ತಲೆದೂಗಲಿಲ್ಲ. ಗಾಜಿನ ಗೋಡೆಯ ಕಡೆ ತಿರುಗಿದರು. ಆಮೇಲೆ, ಆ ಅಜ್ಜ ಮನೆಗೆ ಹೇಗೆ ಹೋದರು ಅಂತ ಕೇಳಿದರು. ಎಷ್ಟೋ ಕಡೆ ಈ ಕಥೆ ಹೇಳಿದ್ದಳು, ಈ ಪ್ರಶ್ನೆ ಕೇಳಿದವರು ಒಬ್ಬರೂ ಇರಲಿಲ್ಲ. ಈ ಮನುಷ್ಯನ ಮೇಲೆ ತನಗೆ ಮನಸ್ಸಾಗಿದೆ ಅಂತ ಅವಳು ಒಪ್ಪಿಕೊಂಡದ್ದು ಆ ಪ್ರಶ್ನೆಗೆ.

ಆ ಉತ್ತರವನ್ನು ಅವರು ಅವಳಿಂದ ಮತ್ತೆ ಮತ್ತೆ ಹೇಳಿಸಿದರು. ಇಲ್ಲಿ ಸ್ವಲ್ಪ ನಿಲ್ಲಿಸಿ, ಇಲ್ಲಿ ದನಿ ಇಳಿಸಬೇಡಿ, ಅಜ್ಜನ ಮಾತು ಹೇಳುವಾಗ ಅವಸರ ಬೇಡ ಅಂತ ತಿದ್ದಿದರು. ಕೊನೆಕೊನೆಗೆ ಅವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆಂಬುದೂ ಅವರಿಗೆ ಗೊತ್ತಿತ್ತು.

ಹೀಗಿರುವಾಗ ಒಂದೇ ಕೆಲಸಕ್ಕೆ ಇಬ್ಬರಿಗೂ ಕರೆ ಬಂತು. ಹಳೆಯ ಸಾಫ್ಟ್‌ವೇರುಗಳನ್ನು ಕೆಡದಂತೆ ನೋಡಿಕೊಳ್ಳುವ ಒಂದು ಕಂಪನಿ. ಅನುಭವ ಇದ್ದವರೇ ಬೇಕು ಅಂತ ಬಾಯಿಬಿಟ್ಟು ಹೇಳಿದ್ದರು. ಕೊನೆಯ ಸುತ್ತಿಗೆ ಉಳಿದವರಲ್ಲಿ ಇವರಿಬ್ಬರೂ ಇದ್ದರು, ಇದ್ದ ಜಾಗ ಒಂದೇ. ಯಾರಿಗೆ ಸಿಕ್ಕಿದರೂ ಇನ್ನೊಬ್ಬರು ಮುಖ ಸಪ್ಪಗೆ ಮಾಡಬಾರದು ಅಂತ ಮಾತಾಯಿತು. ನನಗೆ ಸಿಕ್ಕಿದರೆ ಮೊದಲು ನಿಮ್ಮನ್ನು ನನ್ನ ಟೀಮಿಗೆ ಹಾಕಿಕೊಂಡು ದಿನಾ ಬೈತೀನಿ ಅಂದಳು ಅವಳು. ಬೈಸಿಕೊಳ್ಳೋಕೆ ಸಂಬಳ ಬೇರೆ ಕೊಡ್ತಾರಾ ಅಂದರು ಮೇಷ್ಟ್ರು.

ಹಿಂದಿನ ದಿನದ ಅಭ್ಯಾಸದಲ್ಲಿ ಆ ಪ್ರಶ್ನೆ ಬಂದಾಗ ಅವಳು ನಿಲ್ಲಿಸಿದಳು. ನಾಳೆ ಇದನ್ನು ಹೇಳಲ್ಲ ಅಂದಳು.

"ಹೋದ ಹೋದ ಕಡೆಯೆಲ್ಲ ಆ ಅಜ್ಜನ್ನ ಕರ್ಕೊಂಡು ಹೋಗಿ ಕೂರಿಸ್ತೀನಿ ಮೇಷ್ಟ್ರೇ. ಅವರನ್ನ ತೋರಿಸಿ ಕೆಲಸ ಕೇಳ್ತೀನಿ. ಪಾಪ, ಅವರು ಹೆಂಡತಿಗೋಸ್ಕರ ಬಂದಿದ್ದರು, ನನಗೋಸ್ಕರ ಅಲ್ಲ. ಸಾಕು."

ಬೇರೆ ಏನು ಹೇಳ್ತೀರಿ ಅಂತ ಮೇಷ್ಟ್ರು ಕೇಳಿದರು. ಸಮಯಕ್ಕೆ ಮುಗಿಸದೆ ಹೋದ ಪ್ರಾಜೆಕ್ಟಿನ ಕಥೆ ಒಂದಿದೆ, ಅದು ಸಾಕು ಅಂದಳು. ಅವರು ಹೂಂಗುಟ್ಟಿದರು. ಹೊರಡುವಾಗ ಅವಳು, ನಾಳೆ ಸಾಯಂಕಾಲ ಇಲ್ಲೇ ಸಿಗೋಣ, ನಿಮಗೊಂದು ವಿಷಯ ಹೇಳಬೇಕು ಅಂದಳು. ಕೆಲಸದ್ದಾ ಅಂದರು. ಅಲ್ಲ ಅಂದಳು. ಮೇಷ್ಟ್ರು ಕನ್ನಡಕ ಹಾಕಿಕೊಳ್ಳಲು ಹೋಗಿ ತಲೆಕೆಳಗು ಹಾಕಿಕೊಂಡರು. ಆ ರಾತ್ರಿ ಊಟ ಮಾಡುವಾಗ ಅಕ್ಕ ಅವಳನ್ನೇ ನೋಡಿ, ಏನೇ ಪುಟ್ಟಿ, ಆಫರ್ ಲೆಟರ್ ಈಗಾಗಲೇ ಬಂದ ಹಾಗಿದೆ ಮುಖ ಅಂದಳು.

ಮರುದಿನ ಅವರದು ಬೆಳಿಗ್ಗೆ, ಇವಳದು ಮಧ್ಯಾಹ್ನ.

ಪ್ಯಾನೆಲಿನಲ್ಲಿ ಮೂವರಿದ್ದರು. ನಡುವೆ ಕೂತಿದ್ದ ಹೆಂಗಸು ದೊಡ್ಡ ಹುದ್ದೆಯವರು, ಹೆಚ್ಚು ಮಾತಾಡಲಿಲ್ಲ. ಎಲ್ಲ ಸರಾಗವಾಗಿ ನಡೆಯಿತು. ಆ ಪ್ರಶ್ನೆ ಬಂತು. ಅವಳು ಪ್ರಾಜೆಕ್ಟಿನ ಕಥೆ ತೆಗೆದಳು. ಎರಡು ಮಾತು ಆಗುವಷ್ಟರಲ್ಲಿ ಬಲಗಡೆಯವನು ಫೋನು ನೋಡಿದ. ಎಡಗಡೆಯವನು ಪೆನ್ನಿನ ಕ್ಯಾಪು ಹಾಕಿದ. ಇಷ್ಟು ತಿಂಗಳಲ್ಲಿ ಅವಳಿಗೆ ಆ ಕ್ಯಾಪಿನ ಸದ್ದಿನ ಅರ್ಥ ಚೆನ್ನಾಗಿ ಗೊತ್ತಾಗಿತ್ತು. ಕೈಗೆ ಬಂದದ್ದು ಜಾರುತ್ತಿದೆ ಅನ್ನಿಸಿತು. ಹೆದರಿಕೆಯಲ್ಲಿ ಬಾಯಿ ತಾನಾಗಿಯೇ ಬೇರೆ ದಾರಿ ಹಿಡಿಯಿತು.

"ಇದಕ್ಕಿಂತ ದೊಡ್ಡದೊಂದಿದೆ," ಅಂದಳು. ಆಸ್ಪತ್ರೆಯ ಕಥೆ ಶುರು ಮಾಡಿದಳು.

ಫೋನು ಕೆಳಗಿಳಿಯಿತು. ಮೂವರೂ ತಲೆಯೆತ್ತಿ ನೋಡಿದರು. ಆ ನೋಟ ಅವಳು ಹಿಂದೆ ಕಂಡಿದ್ದ ನೋಟವಲ್ಲ. ಬೆಂಚಿನ ಮೇಲೆ ಕೂತ ಮುದುಕರವರೆಗೆ ಬಂದು, ಮೇಷ್ಟ್ರು ಹೇಳಿಕೊಟ್ಟಂತೆ ಸ್ವಲ್ಪ ನಿಲ್ಲಿಸಿದಳು.

"ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದರು," ಅಂದರು ನಡುವಿನ ಹೆಂಗಸು. "ಅಲ್ವಾ?"

ಆ ಹೆಂಗಸಿನ ದನಿಯಲ್ಲಿ ಕೋಪವಿರಲಿಲ್ಲ. ಇಂಥ ಉದಾಹರಣೆಗಳು ಈಗ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ, ಜನ ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ಪರವಾಗಿಲ್ಲ, ಮುಂದಿನ ಪ್ರಶ್ನೆಗೆ ಹೋಗೋಣ ಅಂದರು. ಇದು ನನ್ನದು, ಆ ಬೆಂಚಿನ ಮೇಲೆ ಕೂತಿದ್ದವಳು ನಾನು ಅನ್ನಬಹುದಿತ್ತು. ಬೆಳಿಗ್ಗೆ ಬಂದಿದ್ದವರು ನನ್ನಿಂದ ಕೇಳಿ ಹೇಳಿದ್ದಾರೆ ಅನ್ನಬಹುದಿತ್ತು. ಸರ್ಟಿಫಿಕೇಟು ಕೇಳಿದರೆ ತೋರಿಸಬಹುದು. ಒಂದು ದುಃಖ ನನ್ನದೇ ಅನ್ನುವುದಕ್ಕೆ ಎಲ್ಲಿಂದ ತೋರಿಸುವುದು? ಅದೂ ಅಲ್ಲದೆ, ಆ ಅಜ್ಜನನ್ನು ಇನ್ನು ಕರೆತರುವುದಿಲ್ಲ ಅಂದಿದ್ದವಳು ತಾನೇ. ಕರೆತಂದಿದ್ದಳು. ಮುಂದಿನ ಪ್ರಶ್ನೆಗಳಿಗೆ ಏನು ಉತ್ತರ ಹೇಳಿದಳೋ ಅವಳಿಗೇ ನೆನಪಿಲ್ಲ.

ಸಾಯಂಕಾಲ ಗಾಜಿನ ಕೋಣೆಗೆ ಹೋಗದೆ ಇರಬಹುದಿತ್ತು. ಹೋದಳು. ಮೇಷ್ಟ್ರು ಅವಳಿಗಿಂತ ಮೊದಲೇ ಬಂದು ಎರಡು ಕಾಫಿ ತಂದಿಟ್ಟುಕೊಂಡು ಕೂತಿದ್ದರು. ಮುಖ ಬಾಡಿತ್ತು. ಅವಳು ಕೂರುವ ಮೊದಲೇ ಅವರು ಶುರು ಮಾಡಿದರು. ನಿಮ್ಮ ಹತ್ತಿರ ಒಂದು ತಪ್ಪೊಪ್ಪಿಕೊಳ್ಳಬೇಕು, ಆ ಪ್ರಶ್ನೆ ಕೇಳಿದಾಗ ಎಂದಿನ ಹಾಗೆ ತಲೆ ಖಾಲಿಯಾಯಿತು, ಎದ್ದು ಹೋಗಲು ಅಲ್ಲಿ ಕಾಫಿ ಇರಲಿಲ್ಲ, ಬಾಯಿ ತೆರೆದರೆ ನಿಮ್ಮ ಮಾತು ಬಂತು ಅಂದರು. ನಿಲ್ಲಿಸಬೇಕಿತ್ತು, ನಿಲ್ಲಿಸಲು ಆಗಲಿಲ್ಲ. ಹೇಗೂ ನೀವು ಹೇಳುವುದಿಲ್ಲ ಅಂದಿದ್ದಿರಲ್ಲ ಅಂತ ಒಳಗೆ ಯಾವುದೋ ಒಂದು ಧೈರ್ಯ ಅಂದರು.

"ನೀರು ಹಚ್ಚಿ ಬಾಚಿಕೊಂಡಿದ್ದನ್ನೂ ಹೇಳಿದ್ರಾ?"

"ಹೂಂ."

"ಚೆನ್ನಾಗಿ ಹೇಳಿರ್ತೀರಿ," ಅಂದಳು ಅವಳು. "ಅವರಿಗೆ ಅಕ್ಷರ ಬಿಡದೆ ನೆನಪಿತ್ತು."

ಮೇಷ್ಟ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು. ಕಾಫಿಯ ಲೋಟ ಹಿಡಿದಿದ್ದ ಕೈ ಅಲ್ಲೇ ನಿಂತಿತು. ನೀವು ಹೇಳಿದ್ರಾ ಅಂತ ಕೇಳಿದ್ದು ಕೇಳಿಸದಷ್ಟು ಮೆಲ್ಲಗೆ. ಹೇಳಲ್ಲ ಅಂದಿದ್ದೆ, ಬಾಯಿಗೆ ಬಂತು, ನಿಮಗೆ ಬಂದ ಹಾಗೇ ಅಂದಳು. ಬೈಯಬೇಕು ಅಂತ ಬಂದಿದ್ದಳು. ಇಬ್ಬರದೂ ಒಂದೇ ಹೆದರಿಕೆ, ಯಾರನ್ನು ಅಂತ ಬೈಯುವುದು? ಆದರೂ ಒಳಗೆ ಏನೋ ಮುರಿದಿತ್ತು, ಅದು ನ್ಯಾಯ ಅನ್ಯಾಯ ಕೇಳುವಂಥದ್ದಲ್ಲ. ಹೇಳಬೇಕಾದ ವಿಷಯ ಇದೆ ಅಂದಿದ್ರಲ್ಲ ಅಂತ ಅವರು ಕೇಳಿದರು. ಏನೂ ಇಲ್ಲ ಬಿಡಿ ಅಂದು ಬ್ಯಾಗು ತೆಗೆದುಕೊಂಡಳು. ಅವಳ ಪಾಲಿನ ಕಾಫಿ ಹಾಗೇ ಉಳಿಯಿತು.

ಕೆಲಸ ಮೇಷ್ಟ್ರಿಗೆ ಸಿಕ್ಕಿತು. ಅವರು ಬೇಡ ಅಂದರು. ಬರೀ ಬೇಡ ಅನ್ನದೆ, ಆ ಕಥೆ ಯಾರದು, ತಮ್ಮ ಬಾಯಿಗೆ ಅದು ಹೇಗೆ ಬಂತು ಅಂತ ಪೂರ್ತಿ ತಿಳಿಸಿದರು. ಇದು ಅವಳಿಗೆ ಗೊತ್ತಾದದ್ದು ಆ ಕಂಪನಿಯ ಎಚ್‌ಆರ್ ಹೆಂಗಸು ಫೋನು ಮಾಡಿ ನಯವಾದ ಮಾತಿನಲ್ಲಿ ಕ್ಷಮೆ ಕೇಳಿದಾಗ. ಆದರೆ ಏನಾಗಿಹೋಯಿತೆಂದರೆ, ಈ ಗೊಂದಲದಿಂದ ಆ ಹುದ್ದೆಯನ್ನೇ ಸದ್ಯಕ್ಕೆ ತಡೆಹಿಡಿದಿದ್ದೇವೆ, ಮುಂದೆ ನೋಡೋಣ ಅಂದರು. ಮುಂದೆ ನೋಡೋಣ ಅನ್ನುವ ಮಾತಿನ ಮುಂದೆ ಏನೂ ಇರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

ಅಕ್ಕನಿಗೆ ಎಲ್ಲ ಹೇಳಿದಳು. ಅಕ್ಕ ಬಟ್ಟೆ ಮಡಿಸುತ್ತಾ ಕೇಳಿ, ಮೊದಲು ಮೇಷ್ಟ್ರಿಗೆ ಬೈದಳು. ಕದ್ದದ್ದಕ್ಕಲ್ಲ, ಬಿಟ್ಟದ್ದಕ್ಕೆ.

"ಇಬ್ಬರಲ್ಲಿ ಒಬ್ಬರಿಗಾದರೂ ಸಂಬಳ ಬರ್ತಿತ್ತಲ್ಲೇ. ಅಷ್ಟು ಪ್ರಾಮಾಣಿಕತೆ ಇದ್ದವನು ಬೆಳಿಗ್ಗೇನೇ ಅದನ್ನ ತೋರಿಸಬಾರದಿತ್ತಾ?" ಆಮೇಲೆ ಒಂದು ಅಂಗಿ ಕೊಡವಿ, ತಂಗಿಯ ಮುಖ ನೋಡಿ ದನಿ ತಗ್ಗಿಸಿದಳು. "ಮನಸ್ಸು ಅಲ್ಲೇ ಇದ್ದರೆ ಹೋಗಿ ಮಾತಾಡು. ಇಲ್ಲದಿದ್ದರೆ ಬಿಟ್ಟುಬಿಡು. ಹೀಗೆ ಮಧ್ಯೆ ನಿಂತ್ಕೊಂಡು ಕೊರಗಬೇಡ ಪುಟ್ಟಿ, ನನ್ನ ಕೈಲಿ ನೋಡೋಕಾಗಲ್ಲ."

ಅವಳು ಹೋಗಲೂ ಇಲ್ಲ, ಬಿಡಲೂ ಇಲ್ಲ. ಮೇಷ್ಟ್ರು ಎರಡು ಸಲ ಮೆಸೇಜ್ ಮಾಡಿದರು. ಒಂದರಲ್ಲಿ ಕ್ಷಮೆ ಇತ್ತು. ಇನ್ನೊಂದರಲ್ಲಿ ನಿಮಗೆ ಹೊಂದುವ ಒಂದು ಕೆಲಸ ಖಾಲಿ ಇದೆ ಅಂತ ವಿವರ ಇತ್ತು. ಅವರಿಗೂ ಹೊಂದುವ ಕೆಲಸವೇ ಅದು, ಅವರು ಅರ್ಜಿ ಹಾಕಿರಲಿಲ್ಲ. ಅವಳು ಹಾಕಿದಳು.

ಅಲ್ಲಿ ಯಾರೂ ಸೋಲಿನ ಬಗ್ಗೆ ಕೇಳಲಿಲ್ಲ. ಕೆಟ್ಟುಹೋದ ಒಂದು ಪ್ರೋಗ್ರಾಂ ಕೊಟ್ಟು ಸರಿಮಾಡಿ ಅಂದರು, ಮಾಡಿದಳು. ಕೆಲಸ ಸಿಕ್ಕಿತು. ಆದರೆ ಜಾಹೀರಾತಿನಲ್ಲಿ ಹೇಳದೆ ಇದ್ದ ಬೇರೆ ಊರು, ರೈಲಿನಲ್ಲಿ ಒಂದು ಇಡೀ ದಿನದ ದಾರಿ. ಹುದ್ದೆ ಮೊದಲಿನದಕ್ಕಿಂತ ಎರಡು ಮೆಟ್ಟಿಲು ಕೆಳಗೆ, ಮ್ಯಾನೇಜರು ಅಕ್ಕನ ಮಗಳ ವಾರಿಗೆಯವನು. ಇಷ್ಟು ದಿನ ಕಾದದ್ದು ಇದಕ್ಕೆ. ಫೋನಿಟ್ಟ ಮೇಲೆ ಅವಳಿಗೆ ಮೊದಲು ಹೇಳಬೇಕೆನಿಸಿದ್ದು ಯಾರಿಗೆ ಅಂತ ಗೊತ್ತಾಗಿ, ಅಡುಗೆಮನೆಯಲ್ಲಿ ನಿಂತು ಅತ್ತಳು. ಭಾವ ಸಂತೋಷದ ಅಳು ಅಂದುಕೊಂಡು ಬೆನ್ನು ತಟ್ಟಿದರು.

ಗಾಜಿನ ಕೋಣೆಯನ್ನು ಕೊನೆಯ ಸಲಕ್ಕೆ ಅವಳೇ ಹೇಳಿಟ್ಟಳು. ಮೇಷ್ಟ್ರು ಬಂದರು. ಸ್ವಲ್ಪ ಸೊರಗಿದ್ದರು. ಕೆಲಸ ಸಿಕ್ಕಿದ ಸುದ್ದಿ ಕೇಳಿ ಅವರ ಮುಖ ನಿಜವಾಗಿ ಅರಳಿತು, ಊರಿನ ಹೆಸರು ಕೇಳಿದ ಮೇಲೆ ನಿಧಾನವಾಗಿ ಮುಚ್ಚಿಕೊಂಡಿತು. ಎರಡನ್ನೂ ಅವಳು ನೋಡಿದಳು. ಯಾವಾಗ ಹೊರಡೋದು ಅಂದರು. ಈ ವಾರವೇ ಅಂದಳು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈ ಸಲ ಕೇಳುವುದಕ್ಕಲ್ಲ.

"ನನ್ನ ಒಂದು ಸೋಲಿನ ಬಗ್ಗೆ ಹೇಳ್ತೀನಿ. ನೀವು ಏನೂ ಕೇಳಬೇಡಿ, ಮಧ್ಯೆ ನಿಂತುಬಿಡ್ತೀನಿ."

ಅವಳು ಕೇಳಲಿಲ್ಲ. ಅವರಿಗೆ ಮದುವೆಯಾಗಿತ್ತು ಅಂತ ಅವಳಿಗೆ ಗೊತ್ತಿತ್ತು, ಹೆಂಡತಿ ಬಿಟ್ಟುಹೋದರು ಅಂತಲೂ ಗೊತ್ತಿತ್ತು, ಅದರಾಚೆ ಏನೂ ಗೊತ್ತಿರಲಿಲ್ಲ. ಈಗ ಅವರು ಮೇಜಿನ ಅಂಚು ನೋಡುತ್ತಾ ಹೇಳಿದರು. ದಿನಾ ಊಟಕ್ಕೆ ಕೂತಾಗ ಹೆಂಡತಿ ಏನಾದರೂ ಹೇಳುತ್ತಿದ್ದಳು. ನನ್ನ ತಲೆಯಲ್ಲಿ ಆಫೀಸಿನ ಯಾವುದೋ ತೊಡಕು ಓಡುತ್ತಿರುತ್ತಿತ್ತು, ತಲೆಯಾಡಿಸುತ್ತಿದ್ದೆ. ಪೆಟ್ಟಿಗೆ ತುಂಬಿಕೊಂಡು ಬಾಗಿಲಲ್ಲಿ ನಿಂತ ದಿನ, ಇಷ್ಟು ಕಷ್ಟ ಇತ್ತು ಅಂತ ಮೊದಲೇ ಹೇಳಬಾರದಿತ್ತಾ ಅಂತ ಕೇಳಿದೆ.

"ಹೇಳಿದ್ದೆ ಅಂದಳು. ಅಷ್ಟೇ ಅಂದಿದ್ದು. ಜಗಳ ಕೂಡ ಆಡಲಿಲ್ಲ."

ಅದಾದ ಮೇಲೆ ಕೇಳುವುದನ್ನು ಕಲಿತೆ ಅಂದರು. ಯಾರು ಏನು ಹೇಳಿದರೂ ಒಂದಕ್ಷರ ಬಿಡದ ಹಾಗೆ. ನಿಮ್ಮ ಮಾತನ್ನಂತೂ ಮನೆಗೆ ಹೋಗಿಯೂ ಕೇಳುತ್ತಿದ್ದೆ. ಅದು ಯಾವಾಗ ಒಳಗೆ ಹೋಗಿ ಕೂತು ನನ್ನದೇ ಆಯಿತೋ ಗೊತ್ತಾಗಲಿಲ್ಲ.

"ನಿಮ್ಮ ಮೇಲೆ ನನಗೆ ಪ್ರೀತಿ ಇದೆ," ಅಂದರು ಆಮೇಲೆ. ಒಂದು ಲೆಕ್ಕ ತಪ್ಪಿದೆ ಅನ್ನುವಷ್ಟು ಸರಳವಾಗಿ. "ಇದನ್ನ ಹೇಳೋ ಯೋಗ್ಯತೆ ಕಳ್ಕೊಂಡಿದ್ದೀನಿ. ಆದರೂ ಹೇಳದೆ ಕಳಿಸಿದ್ರೆ ಅದೂ ಒಂದು ಸೋಲಾಗುತ್ತೆ."

ಅವಳು ಎದುರಿಗಿದ್ದ ಕೈ ಹಿಡಿದುಕೊಂಡಳು. ಇಷ್ಟು ತಿಂಗಳಲ್ಲಿ ಮೊದಲ ಸಲ. ಗಾಜಿನಾಚೆ ಒಂದಿಬ್ಬರು ತಿರುಗಿ ನೋಡಿದರು. ನೋಡಿಕೊಳ್ಳಲಿ ಅನ್ನಿಸಿತು.

"ಆವತ್ತು ಸಾಯಂಕಾಲ ನಾನು ಹೇಳಬೇಕು ಅಂದಿದ್ದೂ ಇದನ್ನೇ."

ಅವರು ಕಣ್ಣು ಮುಚ್ಚಿಕೊಂಡರು. ಕಣ್ಣು ತೆರೆದು, ಈಗ? ಅಂತ ಕೇಳಿದರು.

ಈಗಲೂ ಇದೆ ಅಂದಳು. ಸುಳ್ಳು ಹೇಳುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ. ಆದರೆ ಪ್ರೀತಿ ಇದ್ದರೆ ಸಾಕಾಗುವ ವಯಸ್ಸು ಇಬ್ಬರದೂ ಅಲ್ಲ.

"ನಿಮ್ಮ ಮುಂದೆ ಕೂತು ಏನಾದರೂ ಹೇಳೋಕೆ ಹೋದ್ರೆ, ಇದನ್ನ ಹೇಳ್ಲಾ, ಇಟ್ಕೊಳ್ಳಲಾ ಅಂತ ಒಳಗೆ ಯಾರೋ ಕೇಳ್ತಾರೆ ಮೇಷ್ಟ್ರೇ. ಮೊದಲು ಹಾಗಿರಲಿಲ್ಲ. ನಿಮ್ಮ ಹತ್ತಿರ ಸುರಿದುಬಿಡ್ತಿದ್ದೆ. ಸುರಿಯೋಕೆ ಒಂದು ಜಾಗ ಇದೆ ಅಂತಾನೇ ಆ ಕೆಟ್ಟ ದಿನಗಳನ್ನ ಕಳೆದೆ. ಒಂದೊಂದೇ ಅಳೆದು ಹೇಳೋ ಹಾಗಿದ್ರೆ, ನಾವಿಬ್ಬರೂ ಜೀವನಪೂರ್ತಿ ಇಂಟರ್‌ವ್ಯೂ ಮಾಡಿಕೊಂಡೇ ಇರಬೇಕಾಗುತ್ತೆ."

ಅವರು ವಾದ ಮಾಡಲಿಲ್ಲ. ಮಾಡಿದ್ದರೆ ಅವಳು ಸೋಲುತ್ತಿದ್ದಳೋ ಏನೋ. ಹೆಬ್ಬೆರಳಿನಿಂದ ಅವಳ ಕೈಯ ಹಿಂಭಾಗವನ್ನು ಒಂದು ಸಲ ಸವರಿದರು, ಅಷ್ಟೇ. ಹೋಗಿ ಬನ್ನಿ ಅಂದರು. ಬನ್ನಿ ಅನ್ನುವಾಗ ದನಿ ಒಡೆಯಿತು.

ಹೊರಗೆ ಮುಂದಿನ ಗಂಟೆಯವರು ಬಂದು ನಿಂತಿದ್ದರು. ಪುಸ್ತಕ ಎದೆಗೊತ್ತಿಕೊಂಡ ಇಬ್ಬರು ಹುಡುಗಿಯರು. ಒಬ್ಬಳು ಗಾಜಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ, ಟೈಮಾಯ್ತು ಅನ್ನುವ ಹಾಗೆ ಗಡಿಯಾರ ತೋರಿಸಿದಳು. ಇಬ್ಬರೂ ಎದ್ದರು. ಮೇಷ್ಟ್ರು ಕನ್ನಡಕ ಹಾಕಿಕೊಂಡು, ಅಲ್ಲಿ ಹೊಸ ಊರಿನಲ್ಲಿ ಯಾರಾದರೂ ನಿಮ್ಮನ್ನು ಕೇಳಿದರೆ, ಈ ದಿನಗಳ ಬಗ್ಗೆ ಏನು ಹೇಳ್ತೀರಿ ಅಂದರು. ಕೊನೆಯ ಪ್ರಶ್ನೆ ಅನ್ನುವ ಹಾಗೆ ನಗಲು ನೋಡಿದರು.

"ನಾನು ಹೇಳಲ್ಲ. ಹೇಳೋದಿದ್ರೆ ನೀವೇ ಹೇಳಿ," ಅಂದಳು ಅವಳು. "ಇದು ಇಬ್ಬರದೂ. ಕದ್ದ ಹಾಗಾಗಲ್ಲ."

ಅವರು ಏನೋ ಹೇಳಲು ಬಾಯಿ ತೆರೆದರು. ಅರ್ಧ ದಾರಿಗೆ ನಿಂತರು. ಅವಳು ಆ ಮಾತಿಗೆ ಕಾಯಲಿಲ್ಲ. ಕಾದರೆ ರೈಲು ಹತ್ತುವುದಿಲ್ಲ ಅಂತ ಗೊತ್ತಿತ್ತು. ಬಾಗಿಲು ತೆರೆದು ಹುಡುಗಿಯರಿಗೆ ದಾರಿ ಬಿಟ್ಟು, ಸಾರಿ ಮಕ್ಕಳೇ, ಕಾಯಿಸಿಬಿಟ್ಟೆವು ಅಂದಳು. ಮೆಟ್ಟಿಲಿನ ತಿರುವಿನವರೆಗೆ ತಿರುಗಿ ನೋಡಲಿಲ್ಲ. ತಿರುವಿನಲ್ಲಿ ನೋಡಿದಳು. ಹುಡುಗಿಯರು ಆಗಲೇ ಕೂತು ಪುಸ್ತಕ ಹರಡಿಕೊಂಡಿದ್ದರು. ಮೇಷ್ಟ್ರು ಇನ್ನೂ ಆ ಗಾಜಿನ ಗೋಡೆಯ ಹೊರಗೆ, ಎಲ್ಲಿಗೆ ಹೋಗಬೇಕೆಂದು ತಿಳಿಯದವರ ಹಾಗೆ ನಿಂತಿದ್ದರು.